ಪಕ್ಕದ ಮಂಚದ ಟ್ರೇ

ಹೆರಿಗೆ ವಾರ್ಡಿನಲ್ಲಿ ಬಸಿರು ತಡೆಯುವ ಸಾಧನಗಳ ಟ್ರೇ ಹಿಡಿದು ನರ್ಸ್ ಬಂದದ್ದು ಮೈತ್ರೇಯಿಯ ಮಂಚಕ್ಕೆ. ಗುಳಿಗೆ, ಇಂಜೆಕ್ಷನ್, ಕಾಪರ್-ಟಿ. ಅವಸರವಿಲ್ಲ ಮ್ಯಾಡಮ್, ಮನೆಗೆ ಹೋಗಿ ಯೋಚಿಸಿ ಹೇಳಿ ಎಂದಳು. ಪಕ್ಕದ ಮಂಚದಿಂದ ಹುಲಿಗೆವ್ವ ಕೈ ಚಾಚಿದಳು. "ಅಕ್ಕಾರ, ನಾನೂ ನೋಡ್ತೀನ್ರಿ."

ನರ್ಸ್ ಕೊಂಕಣಿಯಲ್ಲಿ ಏನೋ ಅಂದಳು. ಬ್ಯಾಂಕಿನ ಕೆಲಸದಲ್ಲಿ ಕೊಂಕಣಿ ಕಲಿತಿದ್ದ ಧಾರವಾಡದ ಮೈತ್ರೇಯಿ ಅದನ್ನು ಕನ್ನಡಕ್ಕೆ ತಂದಳು. "ನಿನಗ ಕಾಪರ್-ಟಿ ಹಾಕಿ ಆತಂತ. ಹೆರಿಗಿ ಆದ ಕೂಡ್ಲೇನ. ನಿನ್ನ ಗಂಡ ಹೂಂ ಅಂದಾನಂತಲ್ಲ?"

ಗಂಡ ಬಾಲಪ್ಪ ಮಂಚದ ಕಾಲ ಬಳಿಯೇ ಇದ್ದ, ಕೈಯಲ್ಲಿ ಚಹಾದ ಥರ್ಮಾಸು. ಕೊಂಕಣಿಯಲ್ಲಿ ಯಾರು ಏನು ಕೇಳಿದರೂ ತಲೆಯಾಡಿಸಿದರೆ ಮರುದಿನವೂ ಗಾರೆ ಕೆಲಸ ಸಿಗುತ್ತದೆ ಎಂಬುದನ್ನು ಅವನು ಗೋವಾದ ಮಡಗಾಂವಿಗೆ ಬಂದ ವಾರವೇ ಕಲಿತಿದ್ದ. "ಏನೋ ಕೇಳಿದ್ರು. ಹೂಂ ಅಂದೆ."

"ನನ್ನ ಹೊಟ್ಟಿಗೆ ನೀ ಹೂಂ ಅಂದ್ಯಾ?" ಚಹಾಕ್ಕೆ ಸಕ್ಕರೆ ಹಾಕಿದೆಯಾ ಎಂದು ಕೇಳುವ ದನಿ.

ಮೈತ್ರೇಯಿ ನರ್ಸಿನೊಡನೆ ಇಂಗ್ಲಿಷಿನಲ್ಲಿ ಸ್ವಲ್ಪ ಜಗಳವಾಡಿದಳು. ನರ್ಸ್ ಕೊನೆಗೆ ಹುಲಿಗೆವ್ವನ ಕಡೆ ತಿರುಗಿ, ಮೊದಲ ಬಾರಿಗೆ ಅವಳನ್ನೇ ನೋಡುತ್ತ, ಕೊಂಕಣಿಯಲ್ಲಿ ಕೇಳಿದಳು: ಇರಲೋ, ತೆಗೆಯಲೋ?

ಮೈತ್ರೇಯಿ ಬಾಯಿ ತೆರೆಯುವಷ್ಟರಲ್ಲಿ ಬಾಲಪ್ಪ ತಲೆಯಾಡಿಸಿದ.