ಬೀದಿಯ ಕಿತ್ತಳೆ

ಮದುವೆಯಾದ ತಿಂಗಳಿಗೇ ಅವನು ಕೆಲಸವೆಂದು ಸ್ಪೇನಿನ ಸೆವಿಲ್‌ ನಗರಕ್ಕೆ ಹೊರಟುಹೋದ. ಅಲ್ಲಿನ ವಸಂತದ ಹೂವಿನ ಘಮ, ಬೇಸಿಗೆಯ ಉರಿ ಎಲ್ಲವನ್ನೂ ಮೂರು ವರ್ಷ ಫೋನಿನಲ್ಲೇ ಅವಳಿಗೆ ವರ್ಣಿಸಿದ. ಕಡೆಗೆ ಹಟ ಹಿಡಿದು ಅವಳೇ ಬಂದಳು. ಆಗ ಚಳಿಗಾಲ. ಬೀದಿಯುದ್ದಕ್ಕೂ ಮರಗಳಲ್ಲಿ ಕಿತ್ತಳೆ ತೂಗುತ್ತಿದ್ದವು.

ಅವನು ಒಂದನ್ನು ಕಿತ್ತು, ಸುಲಿದು, ಅವಳ ಕೈಗಿಟ್ಟ. "ಚಳಿಗಾಲ ಬಂದ್ರೆ ದಿನಾ ಇದನ್ನೇ ತಿಂತೀನಿ. ಸಕ್ಕರೆ ಥರ ಇರುತ್ತೆ, ತಿನ್ನು."

ಬಾಯಿಗಿಟ್ಟ ತೊಳೆಯನ್ನು ಅವಳು ಥೂ ಎಂದು ಉಗಿದಳು. ವಿಷದಂಥ ಕಹಿ.

ಬೆಂಚಿನ ಮೇಲಿದ್ದ ಮುದುಕ ನಕ್ಕು, ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ: "ಈ ಊರಲ್ಲಿ ಇದನ್ನ ಯಾರೂ ತಿನ್ನಲ್ಲಮ್ಮ. ಊರಿಗೆ ಹೊಸಬರು ಮಾತ್ರ ಕೀಳ್ತಾರೆ."

ಗಂಡ ನಗಲಿಲ್ಲ.

ಅವಳು ಬಾಯೊರೆಸಿಕೊಂಡು ಕೇಳಿದಳು: "ಮೂರು ವರ್ಷ ಎಲ್ಲಿದ್ರಿ?"