ಅಮೆರಿಕದ ಉತ್ತರ

“ಅದು ಅಮೆರಿಕ, ಡಾಕ್ಟರ್. ನಾನು ಕೇಳಿದ್ದು ಆಸ್ಟ್ರೇಲಿಯಾ,” ಎಂದು ಅಡಿಲೇಡಿನ ಪೌರತ್ವ ಅಧಿಕಾರಿ ಪೆನ್ನು ಕೆಳಗಿಟ್ಟ. ನೂರು ಸೆನೆಟರುಗಳು, ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆ ಎಂದು ಒಪ್ಪಿಸುತ್ತಿದ್ದ ಡಾಕ್ಟರ್ ವೇಣುಗೋಪಾಲರ ಮುಖ ಬಿಳಿಚಿತು. ಪೌರತ್ವವೆಲ್ಲ ಒಂದೇ ಎಂದುಕೊಂಡು, ಷಿಕಾಗೋದ ಅಣ್ಣ ಕಳಿಸಿದ್ದ ಪುಸ್ತಕವನ್ನೇ ವಾರವಿಡೀ ಉರು ಹೊಡೆದಿದ್ದರು.

ಪಕ್ಕದಲ್ಲಿದ್ದ ಹೆಂಡತಿ ಜಯಮಾಲಾ ಬಾಯಿ ತೆರೆದಳು. “ನೀನು ಸುಮ್ನಿರು,” ಎಂದು ಅವರು ಕೈ ಅಡ್ಡ ಹಿಡಿದರು. ಅವಳು ಆ ಕೈಯನ್ನು ಮೆಲ್ಲಗೆ ಸರಿಸಿ, ಮೂರು ವರ್ಷಕ್ಕೊಮ್ಮೆ ಚುನಾವಣೆ, ಬಹುಮತದ ಪಕ್ಷದ ನಾಯಕನೇ ಪ್ರಧಾನಿ, ವೋಟು ಹಾಕದಿದ್ದರೆ ದಂಡ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಪೆನ್ನು ಮತ್ತೆ ಓಡಿತು.

“ಇದನ್ನೆಲ್ಲ ಯಾವಾಗ ಕಲಿತೆ?” ಹೊರಗೆ ಬಂದ ಮೇಲೆ ಅವರು ಅವಳ ಮುಖ ನೋಡದೆ ಕೇಳಿದರು.

“ಮಗಳ ಹೋಮ್‌ವರ್ಕ್ ಮಾಡ್ಸೋಳು ನಾನೇ ಅಲ್ವಾ?”

ಮಗಳು ಈಗ ಯಾವ ಕ್ಲಾಸು ಎಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ.