ನೀಲಿ ರೇಷ್ಮೆಯ ಹೆಣ್ಣು

ಚಿತ್ರಗಾರ ಮುಸುಕು ಸರಿಸಿದ. ನೀಲಿ ರೇಷ್ಮೆಯ ಉಡುಪು ವಾಲ್ಬುರ್ಗಾಳದೇ. ಮದುವೆ ಗೊತ್ತಾದ ಹೆಣ್ಣು ಹಿಡಿಯುವ ಕೆಂಪು ಕಾರ್ನೇಷನ್ ಹೂ, ಅದನ್ನು ಹಿಡಿದ ಕೈ, ಇಸ್ತ್ರಿಪೆಟ್ಟಿಗೆ ಸುಟ್ಟ ಕಿರುಬೆರಳು, ಎಲ್ಲವೂ ಅವಳದೇ. ಮುಖ ಮಾತ್ರ ತಂಗಿ ರೋಸಿನಾಳದು.

ವಾಲ್ಬುರ್ಗಾ ಒಂಬತ್ತು ದಿನ ಕತ್ತು ಹೊರಳಿಸದೆ ಕೂತಿದ್ದಳು. ಸಿಡುಬಿನ ಕಲೆಗಳನ್ನೂ ಬಿಡದೆ ಬರೆಯಿರಿ, ನನ್ನನ್ನು ಕಾಣದ ಗಂಡು ಇದ್ದ ಹಾಗೇ ನೋಡಲಿ ಎಂದು ಮೊದಲ ದಿನವೇ ಹೇಳಿದ್ದಳು.

"ರೇಗನ್ಸ್‌ಬುರ್ಗಿನ ಗಂಡಿನ ಕಡೆಯವರು ಒಪ್ಪಲಿ ಅಂತ ಕಣೇ," ಅಪ್ಪ ಗೋಡೆಗೆ ಹೇಳುವಂತೆ ಹೇಳಿದ. "ಮದುವೆ ಆದ್ಮೇಲೆ ಮುಖ ಯಾರು ನೋಡ್ತಾರೆ?"

ವಾಲ್ಬುರ್ಗಾ ತಂಗಿಯ ಕಡೆ ತಿರುಗಿದಳು. "ನೀನು ಯಾವಾಗ ಕೂತೆಯೇ?"

"ನೀನು ಸಂಜೆ ಪ್ರಾರ್ಥನೆಗೆ ಹೋದಾಗ."

"ನಿನ್ನ ಮದುವೆಗೋಸ್ಕರ ಬೇಡ್ಕೊಂಡು ಬಾ, ಹೋಗಕ್ಕ" ಎಂದು ದಿನವೂ ಶಾಲು ಹೊದಿಸಿ ಕಳಿಸುತ್ತಿದ್ದವಳೂ ಇವಳೇ.

ವಾಲ್ಬುರ್ಗಾ ಚಿತ್ರದ ಕೆಳಗಿನ ಮೂಲೆಯನ್ನು ದಿಟ್ಟಿಸಿದಳು. ಅಲ್ಲಿ ಏನೂ ಇರಲಿಲ್ಲ. "ನಿಮ್ಮ ಹೆಸರೇ ಬರೆದಿಲ್ವಲ್ಲ, ಸ್ವಾಮಿ?"

ಚಿತ್ರಗಾರ ಕುಂಚ ಒರೆಸುತ್ತಿದ್ದವನು ತಲೆ ಎತ್ತಲಿಲ್ಲ.

"ಇಂಥಾದ್ದಕ್ಕೆ ಹೆಂಗೆ ಬರೀಲಿ, ತಾಯಿ? ನನ್ನ ಮಾನಾನೂ ನೋಡ್ಕೋಬೇಕಲ್ಲ."